ಮಗಳ ಫೋನು, ಮನೆಯ ಮಾತು: ಹದಿಹರೆಯದವರ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲು, ಪಿಯು ಮಕ್ಕಳ ಜೊತೆ, ಅವರ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಪೋಷಕರ ಸಭೆಯಲ್ಲಿ ಎಲ್ಲರೆದುರು ಕೇಳುವ ಪ್ರಶ್ನೆಗಳೇ ಬೇರೆ. ಸಭೆ ಮುಗಿದು, ಚಪ್ಪಲಿ ಹಾಕಿಕೊಳ್ಳುತ್ತಾ "ಮೇಡಂ, ಒಂದ್ನಿಮಿಷ" ಅಂತ ದನಿ ತಗ್ಗಿಸಿ ಕೇಳುವ ಪ್ರಶ್ನೆಗಳೇ ಬೇರೆ. ಇಲ್ಲಿರುವುದು ಆ ಎರಡನೆಯ ಬಗೆಯವು: ಫೋನಿನಲ್ಲಿ ಬೇರೆಯವರನ್ನು ನೋಡಿ, ತಮ್ಮನ್ನು ಹೋಲಿಸಿಕೊಂಡು ಮಕ್ಕಳು ಕುಗ್ಗುವುದರ ಬಗ್ಗೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.

"ಏನಾಯ್ತೇ ಅಂದ್ರೆ 'ಏನಿಲ್ಲಮ್ಮ' ಅಂತಾಳೆ. ಮಾತು ಎಲ್ಲಿಂದ ಶುರು ಮಾಡೋದು?"

"ಏನಾಯ್ತು" ಅನ್ನುವುದು ನಮಗೆ ಸಣ್ಣ ಪ್ರಶ್ನೆ, ಅವಳಿಗೆ ದೊಡ್ಡದು. ಉತ್ತರ ಹೇಳಬೇಕಾದರೆ ತನಗೇನಾಗಿದೆ ಅಂತ ಮೊದಲು ಅವಳಿಗೇ ಗೊತ್ತಾಗಿರಬೇಕು. ಗೆಳತಿಯರೆಲ್ಲ ಸೇರಿ ಹುಟ್ಟುಹಬ್ಬ ಮಾಡಿದ್ದಾರೆ, ಇವಳನ್ನು ಕರೆದಿಲ್ಲ, ಇನ್‌ಸ್ಟಾಗ್ರಾಂನಲ್ಲಿ ಅವರು ಹಾಕಿದ ಸ್ಟೋರಿ ನೋಡಿ ಗೊತ್ತಾಗಿದೆ. ಅದನ್ನು ಅಮ್ಮನಿಗೆ ಹೇಗೆ ಹೇಳುವುದು? ಹೇಳಿದರೆ ಅಮ್ಮ "ಇಷ್ಟೇನಾ?" ಅಂದುಬಿಟ್ಟರೆ?

ಎದುರಿಗೆ ಕೂರಿಸಿಕೊಂಡು ಕೇಳಿದರೆ ಅದು ಪೊಲೀಸ್ ಠಾಣೆಯಾಗುತ್ತದೆ. ಈ ವಯಸ್ಸಿನ ಮಕ್ಕಳಿಗೆ ಮಾತು ಬರುವುದು ಮುಖ ನೋಡಬೇಕಾಗಿಲ್ಲದ ಹೊತ್ತಿನಲ್ಲಿ. ಸ್ಕೂಟರ್ ಹಿಂದೆ ಕೂತಾಗ, ಒಣಗಿದ ಬಟ್ಟೆ ಮಡಚುವಾಗ, ರಾತ್ರಿ ಕರೆಂಟು ಹೋದಾಗ. ಡಿಸೆಂಬರ್-ಜನವರಿಯಲ್ಲಾದರೆ ನಾನು ಅವರೆಕಾಳು ಹಿದುಕಲು ಕೂರಿಸಿ ಎನ್ನುತ್ತೇನೆ. ಕೈಗೆ ಕೆಲಸವಿರುತ್ತದೆ, ಕಣ್ಣು ಪಾತ್ರೆಯ ಮೇಲಿರುತ್ತದೆ, ಬೇಗ ಮುಗಿಯುವ ಕೆಲಸವೂ ಅಲ್ಲ.

ಮೊದಲ ದಿನವೇ ಮನಸ್ಸಿನ ವಿಷಯಕ್ಕೆ ಕೈಹಾಕಬೇಡಿ. "ಇವತ್ತು ನೋಡಿದ್ರಲ್ಲಿ ಜಾಸ್ತಿ ನಗು ಬಂದಿದ್ದು ಯಾವ್ದು, ತೋರ್ಸು" ಅನ್ನಿ. ತೋರಿಸಿದಾಗ ನಿಮಗೆ ನಗು ಬರದಿದ್ದರೆ "ಅರ್ಥ ಆಗ್ಲಿಲ್ಲ, ವಿವರ್ಸು" ಅನ್ನಿ. ಸುಳ್ಳು ನಗು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಹತ್ತು ಹದಿನೈದು ದಿನ ಇದು ನಡೆದ ಮೇಲೆ ಇನ್ನೊಂದು ಪ್ರಶ್ನೆ: "ಯಾರ ಪೋಸ್ಟ್ ನೋಡಿದ್ರೆ ಮನ್ಸು ಪಿಚ್ ಅನ್ಸುತ್ತೆ?" ಇದಕ್ಕೆ ಉತ್ತರ ಬಂದರೆ ಅರ್ಧ ದಾರಿ ಸಾಗಿದಂತೆ.

ಉತ್ತರ ಬಂದಾಗ ನಾವು ಮಾಡುವ ತಪ್ಪು ಒಂದೇ. "ಅಯ್ಯೋ, ಅವಳಿಗಿಂತ ನೀನೇ ಚೆನ್ನಾಗಿದ್ದೀಯ ಕಣೇ" ಅನ್ನುತ್ತೇವೆ. ಸಮಾಧಾನದ ಮಾತೇ, ಆದರೆ ಅದೂ ಹೋಲಿಕೆಯೇ. ಸ್ಪರ್ಧೆಯಲ್ಲಿ ನೀನು ಸೋತಿಲ್ಲ ಅಂದಿರೇ ಹೊರತು ಸ್ಪರ್ಧೆ ಇದೆ ಅನ್ನುವುದನ್ನು ಒಪ್ಪಿಕೊಂಡಿರಿ. "ಹೂಂ... ಆಮೇಲೆ?" ಅಂದು ಸುಮ್ಮನಿರುವುದು ಇದಕ್ಕಿಂತ ಎಷ್ಟೋ ವಾಸಿ.

"ಹೋಲ್ಸಿಕೊಳ್ಳೋದು ನಮ್ಮ ಕಾಲದಲ್ಲೂ ಇತ್ತಲ್ವಾ? ಈಗಿನವರಿಗೆ ಮಾತ್ರ ಯಾಕಿಷ್ಟು ಕಷ್ಟ?"

ಇತ್ತು, ಖಂಡಿತ ಇತ್ತು. ಮನುಷ್ಯ ತಾನು ಹೇಗಿದ್ದೇನೆಂದು ತಿಳಿಯಲು ಬೇರೆ ಅಳತೆಗೋಲು ಸಿಗದಿದ್ದಾಗ ಪಕ್ಕದವರನ್ನೇ ಕೋಲಾಗಿ ಮಾಡಿಕೊಳ್ಳುತ್ತಾನೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯೋನ್ ಫೆಸ್ಟಿಂಜರ್ 1954ರಲ್ಲೇ ಬರೆದರು. ತನಗೆ ಹತ್ತಿರದವರ ಜೊತೆಯೇ ಹೋಲಿಕೆ ಹೆಚ್ಚು, ತೀರಾ ದೂರದವರ ಜೊತೆ ಕಡಿಮೆ ಎಂದೂ ಹೇಳಿದರು. ರಾಜನ ಮಗನನ್ನು ನೋಡಿ ನಾವು ಹೊಟ್ಟೆ ಉರಿದುಕೊಳ್ಳುವುದಿಲ್ಲ, ಪಕ್ಕದ ಬೀದಿಯವನು ಬುಲೆಟ್ ತಗೊಂಡರೆ ನಿದ್ದೆ ಬರುವುದಿಲ್ಲ.

ಈಗ ಆಗಿರುವುದೇನೆಂದರೆ ರಾಜನ ಮಗನೂ ಪಕ್ಕದ ಬೀದಿಗೆ ಬಂದು ಕೂತಿದ್ದಾನೆ. ನನ್ನ ಕ್ಲಾಸಿನಲ್ಲಿ ನಲವತ್ತೆಂಟು ಜನ ಇದ್ದರು. ನನಗಿಂತ ಉದ್ದ ಜಡೆಯವರು ಮೂರು ಜನ, ಚೆನ್ನಾಗಿ ಹಾಡುವವಳು ಒಬ್ಬಳು, ಲೆಕ್ಕಾಚಾರ ಮುಗಿಯಿತು. ಅವಳ ಹವಾಯಿ ಚಪ್ಪಲಿಗೆ ಸೇಫ್ಟಿ ಪಿನ್ ಚುಚ್ಚಿರುವುದೂ ಕಾಣುತ್ತಿತ್ತು. ಈಗ ರೀಲ್ಸ್‌ನಲ್ಲಿ ಬರುವ ಹುಡುಗಿ ಇವಳ ವಯಸ್ಸಿನವಳೇ, ಇವಳ ಹಾಗೇ ಕನ್ನಡ ಮಾತಾಡುತ್ತಾಳೆ, ನೋಡಿದರೆ ಹತ್ತಿರದವಳೇ ಅನ್ನಿಸುತ್ತದೆ. ಆದರೆ ಲಕ್ಷಾಂತರ ಜನರಲ್ಲಿ ಆರಿಸಿ ಮೇಲೆ ಬಂದವಳು, ಹತ್ತು ಸಲ ತೆಗೆದು ಒಂದನ್ನು ಹಾಕಿದವಳು. ಪಿನ್ ಚುಚ್ಚಿದ ಚಪ್ಪಲಿ ಚೌಕಟ್ಟಿನೊಳಗೆ ಬರುವುದೇ ಇಲ್ಲ.

"ಹಾಗಾದ್ರೆ ತಪ್ಪೆಲ್ಲ ಇನ್‌ಸ್ಟಾಗ್ರಾಂದೇ ತಾನೇ?"

ನಿಮಗೆ ಬೇಕಾದ ಉತ್ತರ "ಹೌದು". ನನ್ನ ಉತ್ತರ ಅಷ್ಟು ನೇರವಾಗಿಲ್ಲ.

2021ರಲ್ಲಿ ಫ್ರಾನ್ಸಿಸ್ ಹೌಗನ್ ಎಂಬ ಮಾಜಿ ಉದ್ಯೋಗಿ, ಇನ್‌ಸ್ಟಾಗ್ರಾಂನ ಒಡೆಯರಾದ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಪತ್ರ ಹೊರಹಾಕಿದರು. ಹದಿಹರೆಯದ ಮೂವರು ಹುಡುಗಿಯರಲ್ಲಿ ಒಬ್ಬಳಿಗೆ ತನ್ನ ಮೈಯ ಬಗ್ಗೆ ಇರುವ ಬೇಸರವನ್ನು ಇನ್‌ಸ್ಟಾಗ್ರಾಂ ಹೆಚ್ಚಿಸುತ್ತದೆ ಎಂದು ಕಂಪನಿಯವರೇ 2019ರಲ್ಲಿ ತಮ್ಮ ಸ್ಲೈಡಿನಲ್ಲಿ ಬರೆದುಕೊಂಡಿದ್ದರು. ಒಂಟಿತನದಂಥ ಬೇರೆ ವಿಷಯಗಳಲ್ಲಿ ಅದೇ ಆ್ಯಪ್‌ನಿಂದ ಸಮಾಧಾನ ಸಿಕ್ಕಿದೆ ಎಂದವರೇ ಹೆಚ್ಚು ಎಂಬುದು ಕಂಪನಿಯ ಸಮಜಾಯಿಷಿ. ಎರಡೂ ನಿಜವಿರಬಹುದು.

2023ರಲ್ಲಿ ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಹಿರಿಯ ವೈದ್ಯಾಧಿಕಾರಿ) ಆಗಿದ್ದ ವಿವೇಕ್ ಮೂರ್ತಿ ಎಚ್ಚರಿಕೆಯ ಪತ್ರವನ್ನೇ ಹೊರಡಿಸಿದರು. ಇವರ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ದಿನಕ್ಕೆ 3 ಗಂಟೆಗಿಂತ ಹೆಚ್ಚು ಸೋಷಿಯಲ್ ಮೀಡಿಯಾದಲ್ಲಿರುವ ಮಕ್ಕಳಲ್ಲಿ ಖಿನ್ನತೆ, ಆತಂಕದ ಲಕ್ಷಣಗಳ ಅಪಾಯ ಎರಡು ಪಟ್ಟು ಎಂಬ ಅಧ್ಯಯನವನ್ನು ಅದರಲ್ಲಿ ಎತ್ತಿ ಹೇಳಿದ್ದರು. ಇನ್ನೊಂದು ಕಡೆ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾದ ಆ್ಯಮಿ ಆರ್ಬೆನ್ ಮತ್ತು ಆಂಡ್ರ್ಯೂ ಷಿಬಿಲ್‌ಸ್ಕಿ ಮೂರೂವರೆ ಲಕ್ಷ ಮಕ್ಕಳ ಮಾಹಿತಿ ಜಾಲಾಡಿ 2019ರಲ್ಲಿ ಬರೆದದ್ದೇನು? ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇ 0.4. ಆಲೂಗಡ್ಡೆ ತಿನ್ನುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ನಂಟು ಕಂಡಿತ್ತು ಅವರ ಲೆಕ್ಕದಲ್ಲಿ. (ಹಾಸನದವರು ಬೇಜಾರು ಮಾಡಿಕೊಳ್ಳಬಾರದು.)

ಸರಾಸರಿಯಲ್ಲಿ ಸಣ್ಣದಾಗಿ ಕಾಣುವುದು ಒಂದು ಮಗುವಿನಲ್ಲಿ ದೊಡ್ಡದಾಗಿರಬಹುದು. ಎಲ್ಲರಿಗೂ ಒಂದೇ ಹಾನಿ ಅಲ್ಲ. ನಿಮ್ಮ ಮನೆಯ ಮಗು ಯಾವ ಸಾಲಿಗೆ ಸೇರುತ್ತದೆ ಅನ್ನುವುದು ಆಕ್ಸ್‌ಫರ್ಡಿನವರ ಅಂಕಿಸಂಖ್ಯೆಯಲ್ಲಿ ಸಿಗುವುದಿಲ್ಲ, ಫೋನ್ ಕೆಳಗಿಟ್ಟ ಹತ್ತು ನಿಮಿಷದ ಮುಖದಲ್ಲಿ ಸಿಗುತ್ತದೆ.

"ಯಾವ ವಯಸ್ಸು ಜಾಸ್ತಿ ನಾಜೂಕು?"

ಬ್ರಿಟನ್ನಿನ ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹುಡುಗಿಯರಿಗೆ 11ರಿಂದ 13, ಹುಡುಗರಿಗೆ 14-15, ಆಮೇಲೆ ಇಬ್ಬರಿಗೂ 19ರ ಹೊತ್ತಿಗೆ ಇನ್ನೊಂದು ಸಲ ಎಂದು ಬಂದಿದೆ. ನನ್ನ ಅನುಭವ ಇದಕ್ಕೆ ಹೊಂದುತ್ತದೆ. ಆರು-ಏಳನೇ ಕ್ಲಾಸಿನ ಹುಡುಗಿಯರನ್ನು "ಇನ್ನೂ ಮಗು" ಅಂದುಕೊಂಡು ಬಿಟ್ಟುಬಿಡುತ್ತೇವೆ. ಆ್ಯಪ್‌ನ ನಿಯಮದ ಪ್ರಕಾರ 13ಕ್ಕೆ ಮೊದಲು ಅಕೌಂಟ್ ಇರಲೇಬಾರದು, ಹುಟ್ಟಿದ ಇಸವಿ ತಿದ್ದಿ ಕೊಟ್ಟವರು ಎಷ್ಟೋ ಸಲ ನಾವೇ.

"ಮಾರ್ಕ್ಸ್ ಬಂದಾಗ ಸ್ಟೇಟಸ್ ಹಾಕಿದ್ರೆ ತಪ್ಪಾ? ನಮಗೂ ಖುಷಿ ಇರಲ್ವಾ?"

ಈ ಪ್ರಶ್ನೆ ಕೇಳಿದವರಿಗೆ ನಾನು ಸ್ವಲ್ಪ ನಿಷ್ಠುರವಾಗಿಯೇ ಉತ್ತರ ಕೊಟ್ಟಿದ್ದೇನೆ.

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಿಮ್ಮ ಮನೆತನದ ವಾಟ್ಸ್‌ಆ್ಯಪ್ ಗುಂಪನ್ನು ನೆನಪಿಸಿಕೊಳ್ಳಿ. ಹತ್ತೂವರೆಗೆ ದೊಡ್ಡಮ್ಮನ ಮೊಮ್ಮಗನದು 625ಕ್ಕೆ 611. ಕೈಮುಗಿಯುವ ಚಿಹ್ನೆ ಮೂವತ್ತು, ಕೇಕು ಹತ್ತು. ಹನ್ನೊಂದಕ್ಕೆ ಚಿಕ್ಕಪ್ಪ ಕೇಳುತ್ತಾರೆ: "ನಮ್ಮ ಪುಟ್ಟಿದು ಎಷ್ಟಾಯ್ತು?" ಪುಟ್ಟಿಗೆ 438 ಬಂದಿದೆ. ಅಪ್ಪ ಗುಂಪಿನಲ್ಲಿ ಉತ್ತರಿಸುವುದಿಲ್ಲ. ಅಮ್ಮ "ಆಮೇಲೆ ಫೋನ್ ಮಾಡ್ತೀನಿ" ಅಂತ ಹಾಕುತ್ತಾರೆ. ಪುಟ್ಟಿ ಆ ಗುಂಪಿನಲ್ಲಿಲ್ಲ, ಆದರೆ ಅಮ್ಮನ ಫೋನಿನಲ್ಲಿ ಎಲ್ಲ ನೋಡಿದ್ದಾಳೆ. ಆ ವಾರ ಊರಿನ ಸರ್ಕಲ್‌ನಲ್ಲಿ ಟ್ಯೂಷನ್ನಿನವರ ಫ್ಲೆಕ್ಸ್, ದುಂಡಗಿನ ಚೌಕಟ್ಟಿನಲ್ಲಿ ಮಕ್ಕಳ ಮುಖ, ಕೆಳಗೆ ಅಂಕ. ಮುಖದ ಕೆಳಗೆ ಸಂಖ್ಯೆ ಬರೆಯುವುದನ್ನು ಇನ್‌ಸ್ಟಾಗ್ರಾಂ ನಮಗೆ ಹೇಳಿಕೊಡಲಿಲ್ಲ. ಲೈಕ್ ಎಷ್ಟು ಬಂತು ಎಂದು ಎಣಿಸುವ ಮಗಳಿಗೆ "ಅದೆಲ್ಲ ಯಾಕೆ ಲೆಕ್ಕ ಇಡ್ತೀಯ" ಅಂತ ಬುದ್ಧಿ ಹೇಳುವವರು, ಆ ಬೆಳಗ್ಗೆ ಏನನ್ನು ಎಣಿಸುತ್ತಿದ್ದರು?

ಒಬ್ಬ ಹುಡುಗಿ ನನಗೆ ಹೇಳಿದ ಮಾತು ಇದು: "ಇನ್‌ಸ್ಟಾದಲ್ಲಿ ಬೇಜಾರಾದ್ರೆ ಆಫ್ ಮಾಡ್ತೀನಿ ಮಿಸ್. ಅತ್ತೆ ಮನೆಗೆ ಬಂದ್ರೆ ಏನ್ ಆಫ್ ಮಾಡ್ಲಿ?"

ಖುಷಿ ಪಡಬೇಡಿ ಅನ್ನುತ್ತಿಲ್ಲ. ಮೊದಲು ಮಗುವನ್ನು ಕೇಳಿ: "ಹಾಕ್ಲಾ?" ಬೇಡ ಅಂದರೆ ಬಿಡಿ. ಹತ್ತಿರದವರಿಗೆ ಫೋನ್ ಮಾಡಿ ಹೇಳಿ, ಮೈಸೂರ್‌ಪಾಕು ಹಂಚಿ. ಫೋಟೋ ವಿಷಯಕ್ಕೂ ಇದೇ. "ನನ್ನ ಕೇಳ್ದೆ ನನ್ನ ಫೋಟೋ ಹಾಕ್ಬೇಡ" ಎಂದು ಮಗಳು ನಿಮಗೆ ಹೇಳಬಹುದಾದರೆ, ನಾಳೆ ಬೇರೆಯವರಿಗೂ ಅದನ್ನೇ ಹೇಳುವ ಧೈರ್ಯ ಅವಳಿಗಿರುತ್ತದೆ.

"ಅಮೆರಿಕದಲ್ಲಿರೋ ನನ್ನ ತಂಗಿ ಮಕ್ಕಳ ಫೋಟೋ ನೋಡಿ ಮಗ ಸಪ್ಪಗಾಗ್ತಾನೆ."

ತಂಗಿಗೆ ಫೋನ್ ಮಾಡಿದಾಗ ಆ ಮಕ್ಕಳ ಕೈಗೆ ಫೋನ್ ಕೊಡಿಸಿ, ಇವನ ಜೊತೆ ಹತ್ತು ನಿಮಿಷ ಮಾತಾಡಲಿ, ದೊಡ್ಡವರು ಪಕ್ಕದಲ್ಲಿರಬೇಡಿ. ಚಳಿಗಾಲದಲ್ಲಿ ನಾಲ್ಕೂವರೆಗೇ ಕತ್ತಲಾಗುವ ಬೇಸರ, ಕ್ಲಾಸಿನಲ್ಲಿ ಯಾರೂ ಹೆಸರನ್ನು ಸರಿಯಾಗಿ ಕರೆಯದ ಬೇಸರ, ಅಜ್ಜಿ ಮನೆಗೆ ಓಡಿಹೋಗಲಾಗದ ಬೇಸರ ಆ ಕಡೆಯಲ್ಲೂ ಇರುತ್ತದೆ. ಫೋಟೋದಲ್ಲಿ ಇಲ್ಲದ್ದು ಮಾತಿನಲ್ಲಿ ಸಿಗುತ್ತದೆ.

"ಬಣ್ಣ ಕಪ್ಪು ಅಂತ ಎಲ್ಲಾ ಫೋಟೋಗೂ ಫಿಲ್ಟರ್ ಹಾಕ್ತಾಳೆ. ಹೇಗೆ ಬಿಡಿಸೋದು?"

ಫಿಲ್ಟರ್ ಬಿಡಿಸುವ ಮುಂಚೆ ಮನೆಯವರ ಈ ಮಾತುಗಳನ್ನು ಬಿಡಿಸಿ. "ಬಿಸಿಲಲ್ಲಿ ಆಡ್ಬೇಡ, ಕಪ್ಪಾಗ್ತೀಯ", "ಈ ಬಣ್ಣದ ಚೂಡಿದಾರ ನಿಂಗೆ ಹೊಂದಲ್ಲ", "ಅಕ್ಕನ ಹಂಗೆ ನೀನು ಬೆಳ್ಳಗಾಗ್ಲೇ ಇಲ್ಲ". ಇವೆಲ್ಲ ಫೋನು ಬರುವ ಮೊದಲೇ ಅವಳು ಕೇಳಿದ ಮಾತು. ಫೇರ್ ಆ್ಯಂಡ್ ಲವ್ಲಿ ಎಂಬ ಕ್ರೀಮು ಕೂಡ 2020ರಲ್ಲಿ ಹೆಸರಿನಿಂದ "ಫೇರ್" ತೆಗೆದುಹಾಕಿತು, ನಮ್ಮ ಸೋದರತ್ತೆಯರು ಇನ್ನೂ ತೆಗೆದಿಲ್ಲ. ನೆಂಟರು ಹಾಗೆ ಅಂದಾಗ ಮಗಳ ಎದುರಿನಲ್ಲೇ, ನಗುತ್ತಲೇ, "ಅವಳ ಬಣ್ಣದ ವಿಷಯ ಬೇಡ ಅತ್ತಿಗೆ, ಊಟಕ್ಕೆ ಏಳಿ" ಅನ್ನಿ. ನೂರು ಉಪದೇಶಕ್ಕಿಂತ ಆ ಒಂದು ವಾಕ್ಯ ಅವಳ ನೆನಪಿನಲ್ಲಿ ಉಳಿಯುತ್ತದೆ.

"ನಮ್ಮದು ಹುಡುಗ. ಅವನಿಗೆ ಇಂಥದ್ದೆಲ್ಲ ಇಲ್ಲ ಬಿಡಿ."

ಇದೆ, ಹೆಸರು ಬೇರೆ. ಜಿಮ್ಮು, ಪ್ರೋಟೀನ್ ಪುಡಿ, ದವಡೆಯ ಗೆರೆ, ಗಡ್ಡ ಬಂದಿಲ್ಲ ಅನ್ನುವ ಚಿಂತೆ, ಹದಿನೇಳಕ್ಕೇ ಲಕ್ಷ ದುಡಿಯುತ್ತೇನೆ ಅನ್ನುವವನ ರೀಲ್ಸು, ಬಾಡಿಗೆ ಬೈಕಿನ ಮೇಲೆ ಕೂತ ಫೋಟೋ. ಹುಡುಗಿಯರು ಅಳುತ್ತಾರೆ, ಹುಡುಗರು ಸಿಡುಕುತ್ತಾರೆ. ಸಿಡುಕಿಗೆ ನಾವು "ವಯಸ್ಸು" ಅಂತ ಹೆಸರಿಟ್ಟು ಮುಂದಕ್ಕೆ ಹೋಗುತ್ತೇವೆ. ಅಪ್ಪಂದಿರು ಇಲ್ಲಿ ಬೇಕು. "ನಿನ್ನ ವಯಸ್ಸಲ್ಲಿ ನಾನು ಕಡ್ಡಿ ಇದ್ದಂಗಿದ್ದೆ ಕಣೋ, ಕಬಡ್ಡಿ ಟೀಮಿಗೆ ಸೇರಿಸ್ಕೊಳ್ಲಿಲ್ಲ" ಎಂದು ಒಬ್ಬ ಅಪ್ಪ ಊಟ ಮಾಡುತ್ತಾ ಹೇಳಿದ್ದಕ್ಕೆ, ಮೂರು ತಿಂಗಳಿಂದ ಮಾತು ಬಿಟ್ಟಿದ್ದ ಮಗ ನಕ್ಕನಂತೆ. ಅಷ್ಟೇ ನಡೆದದ್ದು. ಆದರೆ ಮಾರನೇ ದಿನ ಮಗನೇ ಬಂದು ಪ್ರೋಟೀನ್ ಪುಡಿಯ ಬೆಲೆ ಕೇಳಿದ, ಅಲ್ಲಿಂದ ಮಾತು ಮುಂದುವರಿಯಿತು.

"ಫೋನ್ ಕಿತ್ಕೊಂಡ್ಬಿಟ್ರೆ?"

ಎರಡು ದಿನ ಮನೆ ರಣರಂಗ, ಮೂರನೇ ದಿನ ಗೆಳತಿಯ ಫೋನಿನಲ್ಲಿ ಲಾಗಿನ್. ಶಿಕ್ಷೆಯಾಗಿ ಕಿತ್ತುಕೊಂಡರೆ ಇನ್ನೊಂದು ನಷ್ಟವೂ ಇದೆ: ನಿಜವಾಗಿ ಏನಾದರೂ ಆದಾಗ, ಹೇಳಿದರೆ ಫೋನ್ ಹೋಗುತ್ತದೆ ಎಂದು ಮಗು ಬಾಯಿ ಬಿಡುವುದಿಲ್ಲ. ಎಲ್ಲರಿಗೂ ಅನ್ವಯಿಸುವ ನಿಯಮ ಬೇರೆ ವಿಷಯ. ಊಟದ ಹೊತ್ತಿಗೆ ಯಾರ ಕೈಯಲ್ಲೂ ಇಲ್ಲ, ರಾತ್ರಿ ಹತ್ತರ ಮೇಲೆ ಎಲ್ಲರ ಫೋನೂ ಹಾಲ್‌ನಲ್ಲಿ ಚಾರ್ಜಿಗೆ. "ಎಲ್ಲರ" ಅಂದರೆ ಅಪ್ಪನದೂ.

"ಅವಳಿಗೆ ಗೊತ್ತಿಲ್ಲದ ಹಾಗೆ ಚಾಟ್ ಓದ್ತೀನಿ. ಸರಿ ತಾನೇ?"

ಜೀವಕ್ಕೆ ಅಪಾಯವಿದೆ ಅನ್ನಿಸಿದರೆ ಓದಿ, ಓದಿದ್ದನ್ನು ಹೇಳಿ. ಉಳಿದಂತೆ ಬೇಡ. ಗೊತ್ತಾದ ದಿನ ಎರಡನೇ ಅಕೌಂಟ್ ಹುಟ್ಟುತ್ತದೆ, ನಿಮಗೆ ಕಾಣುವುದು ದೇವಸ್ಥಾನದ ಫೋಟೋ ಇರುವ ಮೊದಲನೆಯದು ಮಾತ್ರ. ಎಷ್ಟೋ ಮಕ್ಕಳಿಗೆ ಈಗಾಗಲೇ ಎರಡಿವೆ. ಅದರಲ್ಲಿರುವುದು ಹೆಚ್ಚಿನ ಸಲ ಗುಟ್ಟಲ್ಲ, ಚೆನ್ನಾಗಿ ಕಾಣದ ಫೋಟೋಗಳು, ಹತ್ತು ಹನ್ನೆರಡು ಆಪ್ತರು, ಹೋಲಿಕೆಯಿಂದ ಸ್ವಲ್ಪ ಬಿಡುವು.

"ಸೆಟ್ಟಿಂಗ್‌ನಲ್ಲಿ ಏನಾದ್ರೂ ಮಾಡಬಹುದಾ?"

ಮಾಡಬಹುದು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು. ಇನ್‌ಸ್ಟಾಗ್ರಾಂನ "ಟೀನ್ ಅಕೌಂಟ್" ಭಾರತಕ್ಕೆ 2025ರಲ್ಲಿ ಬಂತು. ಅಕೌಂಟ್ ತಾನಾಗಿ ಪ್ರೈವೇಟ್ ಆಗಿರುತ್ತದೆ, ಗುರುತಿಲ್ಲದವರ ಮೆಸೇಜ್ ಬರುವುದಿಲ್ಲ, 60 ನಿಮಿಷಕ್ಕೆ "ಸಾಕು" ಅನ್ನುವ ಸೂಚನೆ, ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನೋಟಿಫಿಕೇಷನ್ ಮೌನ. 16ಕ್ಕಿಂತ ಚಿಕ್ಕವರು ಇದನ್ನು ಸಡಿಲಿಸಲು ಪೋಷಕರ ಒಪ್ಪಿಗೆ ಬೇಕು. ಹುಟ್ಟಿದ ದಿನಾಂಕ ಸುಳ್ಳಾಗಿದ್ದರೆ ಇದ್ಯಾವುದೂ ಕೆಲಸ ಮಾಡದೆ ಹೋಗಬಹುದು. ಲೈಕ್ ಸಂಖ್ಯೆ ಮರೆಮಾಡುವ ಆಯ್ಕೆ 2021ರಿಂದಲೇ ಇದೆ, ಬಳಸುವವರು ಕಡಿಮೆ.

ಯಾರಿಗೆ ಯಾವ ಪೋಸ್ಟ್ ತೋರಿಸಬೇಕೆಂದು ಆರಿಸುವ ಆ್ಯಪ್‌ನ ಅಲ್ಗಾರಿದಮ್‌ಗೂ ಒಂದು ಕೆಲಸ ಕೊಡಿ. ಮನಸ್ಸು ಪಿಚ್ಚೆನ್ನಿಸುವ ಪೋಸ್ಟ್ ಬಂದಾಗ "ನಾಟ್ ಇಂಟರೆಸ್ಟೆಡ್" ಒತ್ತಲಿ, ಬೇಡದವರನ್ನು ಮ್ಯೂಟ್ ಮಾಡಲಿ. ಅನ್‌ಫಾಲೋ ಮಾಡಿದರೆ ಕ್ಲಾಸಿನಲ್ಲಿ ಜಗಳ, ಮ್ಯೂಟ್ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವಳು ಒಂಬತ್ತನೇ ಕ್ಲಾಸಿನ ಹುಡುಗಿ.

"ಸರ್ಕಾರವೇ ಬ್ಯಾನ್ ಮಾಡಬಾರ್ದಾ?"

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಅಕೌಂಟ್ ಇಲ್ಲ. ದಂಡ ಕಂಪನಿಗಳಿಗೆ, ಮಕ್ಕಳಿಗಾಗಲಿ ಅಪ್ಪ-ಅಮ್ಮನಿಗಾಗಲಿ ಅಲ್ಲ. ಮೆಲ್ಬರ್ನ್‌ನಲ್ಲಿರುವ ನಿಮ್ಮ ನೆಂಟರನ್ನೇ ಕೇಳಿ, ನಮಗಿಂತ ಮೊದಲು ಅವರಿಗೆ ಅನುಭವ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18ರೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಅವರ ಬೆನ್ನುಹತ್ತಿ ಜಾಹೀರಾತು ತೋರಿಸುವಂತಿಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಕಂಪನಿಗಳಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ಬ್ಯಾನ್ ಆದದ್ದು ನೆನಪಿದೆಯಲ್ಲ? ಜುಲೈನಲ್ಲೇ ರೀಲ್ಸ್ ಬಂತು.

"ನಾವು ಹಳ್ಳಿಯವರು, ಮನೆಗೆಲ್ಲ ಒಂದೇ ಫೋನ್. ನಮಗೆ ಇದೆಲ್ಲ ಯಾಕೆ?"

ದೇಶದ ಹಳ್ಳಿಗಾಡಿನ ಮಕ್ಕಳನ್ನು ಮಾತಾಡಿಸಿ ಮಾಡಿದ 2024ರ ಅಸರ್ ವರದಿಯಲ್ಲಿ, 14ರಿಂದ 16ರ ವಯಸ್ಸಿನವರಲ್ಲಿ ಶೇ 82ಕ್ಕೂ ಹೆಚ್ಚು ಜನ ಸ್ಮಾರ್ಟ್‌ಫೋನ್ ಬಳಸಬಲ್ಲರು. ಅವರಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಗೆ ಬಳಸಿದವರು ಶೇ 76. ಒಂದೇ ಫೋನ್ ಇರುವ ಮನೆಯಲ್ಲಿ ಇನ್ನೊಂದು ತಾಪತ್ರಯವಿದೆ: ಮಗಳ ಮೆಸೇಜನ್ನು ಅಣ್ಣ, ಚಿಕ್ಕಪ್ಪ ಎಲ್ಲರೂ ಓದುತ್ತಾರೆ, ಹುಡುಗನಿಗೆ ಮಾತ್ರ ಫೋನ್ ರಾತ್ರಿ ಸಿಗುತ್ತದೆ. ಆ ಲೆಕ್ಕವನ್ನು ಸ್ವಲ್ಪ ಸರಿಮಾಡಿ.

"ಯಾರೋ ಫೋಟೋ ಇಟ್ಕೊಂಡು ಹೆದರಿಸ್ತಿದ್ದಾರೆ..."

ಮೊದಲು ಮಗುವಿಗೆ: "ತಪ್ಪು ನಿಂದಲ್ಲ. ನಾನಿದ್ದೀನಿ." ಬೈಯುವುದು ಏನಿದ್ದರೂ ಬೇಡ, ಇವತ್ತಂತೂ ಬೇಡವೇ ಬೇಡ. ಹಣ ಕಳಿಸಬೇಡಿ, ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಸೈಬರ್ ಅಪರಾಧಕ್ಕೆ 1930, ಮಕ್ಕಳ ಸಹಾಯವಾಣಿ 1098. ಮಗು 18ರೊಳಗಿದ್ದರೆ ಪೋಕ್ಸೋ ಕಾಯ್ದೆ ಮಗುವಿನ ಪರ ನಿಲ್ಲುತ್ತದೆ. 18ರೊಳಗೆ ತೆಗೆದ ನಗ್ನ ಚಿತ್ರ ಹರಡದಂತೆ ತಡೆಯಲು "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆಯಿದೆ. ಚಿತ್ರ ನಿಮ್ಮ ಫೋನಿನಿಂದ ಆಚೆ ಹೋಗುವುದಿಲ್ಲ, ಅದರ ಬೆರಳಚ್ಚಿನಂಥ ಗುರುತು ಮಾತ್ರ ಹೋಗುತ್ತದೆ.

"ಡಾಕ್ಟರ್ ಹತ್ರ ಯಾವಾಗ ಹೋಗ್ಬೇಕು?"

ಎರಡು ವಾರ ನಿದ್ದೆ-ಊಟ ಕೆಟ್ಟಿದ್ದರೆ, ಸ್ಕೂಲಿಗೆ ಹೋಗಲ್ಲ ಅನ್ನುತ್ತಿದ್ದರೆ, ಇಷ್ಟವಿದ್ದ ಆಟ-ಹಾಡು ಬಿಟ್ಟಿದ್ದರೆ, ಸೆಖೆಯಲ್ಲೂ ತುಂಬುತೋಳು ಬಿಚ್ಚದೆ ಇದ್ದರೆ. "ಇರೋದೇ ಬೇಡ ಅನ್ಸುತ್ತೆ" ಅಂದರೆ ಅದೇ ದಿನ, ಮಗುವನ್ನು ಒಂಟಿಯಾಗಿ ಬಿಡದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್-ಇಂಟರ್ನೆಟ್ ಬಳಕೆಯ ತೊಂದರೆಗೆಂದೇ 2014ರಿಂದ "ಷಟ್" ಕ್ಲಿನಿಕ್ ಇದೆ. ಬೆಂಗಳೂರು ದೂರವಾದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. "ಹುಚ್ಚಾಸ್ಪತ್ರೆಗಾ?" ಎಂದು ಅಜ್ಜಿ ಕೇಳಿದರೆ, ಜ್ವರಕ್ಕೂ ಅಲ್ಲೇ ಹೋಗುತ್ತೇವಲ್ಲ ಅನ್ನಿ.

"ನಾನೇ ರಾತ್ರಿ ಹನ್ನೆರಡರವರೆಗೂ ರೀಲ್ಸ್ ನೋಡ್ತೀನಿ. ಯಾವ ಮುಖ ಇಟ್ಕೊಂಡು ಅವಳಿಗೆ ಹೇಳ್ಲಿ?"

ಅದೇ ಮುಖ ಇಟ್ಟುಕೊಂಡು. "ನಂಗೂ ಬಿಡಕ್ಕಾಗ್ತಿಲ್ಲ ಕಣೇ, ಏನ್ಮಾಡೋಣ?" ಅನ್ನಿ. ನಮ್ಮ ಮನೆಯಲ್ಲಿ ಹಾಲ್‌ನಲ್ಲಿ ಫೋನಿಡುವ ನಿಯಮ ಬಂದ ನಾಲ್ಕನೇ ರಾತ್ರಿ, ನೀರು ಕುಡಿಯುವ ನೆಪದಲ್ಲಿ ನಾನೆದ್ದು ಬಂದು ಚಾರ್ಜರ್ ಪಕ್ಕ ನಿಂತೇ ಯಾರದೋ ಅಡುಗೆಮನೆಯ ಗ್ರಾನೈಟ್ ನೋಡುತ್ತಿದ್ದೆ. ನಮ್ಮದಕ್ಕಿಂತ ಚೆನ್ನಾಗಿತ್ತು. ಹಿಂದಿನಿಂದ ಮಗನ ದನಿ: "ಅಮ್ಮಾ, ಮನ್ಸು ಪಿಚ್ ಅನ್ಸ್ತಿದ್ಯಾ?"